ಹಸಿರು ಕಲ್ಲಿನ ಎಮ್ಮೆ

ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು. ಅದು ಹುಲ್ಲು ಕೇಳುತ್ತಿರಲಿಲ್ಲ, ಹಾಲು ಕೊಡುತ್ತಿರಲಿಲ್ಲ. ಶೋಕೇಸಿನ ಮೇಲಿನ ಅರೆಯಲ್ಲಿ, ನನ್ನ ತಮ್ಮನಿಗೆ ಓಟದ ಪಂದ್ಯದಲ್ಲಿ ಬಂದ ಕಪ್ಪಿಗೂ ತಿರುಪತಿಯಿಂದ ತಂದ ಪಟಕ್ಕೂ ನಡುವೆ, ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಂಡು ಕತ್ತನ್ನು ಹಿಂದಕ್ಕೆ ತಿರುಗಿಸಿ ಮಲಗಿರುತ್ತಿತ್ತು. ಉದ್ದ 6 ಸೆಂಟಿಮೀಟರು. ಮಳೆಗಾಲದ ಕೆರೆಯ ನೀರಿನಂಥ ಬೂದು ಮಿಶ್ರಿತ ಹಸಿರು. ಬೆನ್ನಿನ ಒಂದು ಕಡೆ ಮಾತ್ರ ಬೆಲ್ಲದ ಬಣ್ಣದ ಮಚ್ಚೆ. ಎಡಗಿವಿಯ ತುದಿ ಮುರಿದಿತ್ತು. ಕೈಗೆ ತೆಗೆದುಕೊಂಡರೆ ಮೊದಲು ತಣ್ಣಗಿರುತ್ತಿತ್ತು, ಸ್ವಲ್ಪ ಹೊತ್ತು ಮುಷ್ಟಿಯಲ್ಲಿಟ್ಟುಕೊಂಡರೆ ನಮ್ಮದೇ ಮೈಯ ಬಿಸಿ ಅದಕ್ಕೂ ಬರುತ್ತಿತ್ತು. ಪರೀಕ್ಷೆಯ ದಿನ ಅದನ್ನು ಒಂದು ಸಲ ಮುಟ್ಟಿ ಹೋಗುವುದು ನನ್ನ ಅಭ್ಯಾಸವಾಗಿತ್ತು. ಮುಟ್ಟದೆ ಹೋದ ವರ್ಷ ಲೆಕ್ಕದಲ್ಲಿ ಮೂವತ್ತೇಳು ಬಂತು. ಮುಟ್ಟಿ ಹೋದ ವರ್ಷವೂ ನಲವತ್ತು ದಾಟಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಆ ಎಮ್ಮೆಗೆ ಒಂದು ಕತೆಯೂ ಇತ್ತು. ನಮ್ಮ ತಾತ ಕೋಲಾರ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. ಬಿಳಿಯ ದೊರೆಗಳ ಕಾಲ. ಒಬ್ಬ ದೊರೆಸಾನಿಗೆ ನಮ್ಮಜ್ಜಿ ಹಾಕಿದ ನಿಂಬೆಕಾಯಿ ಉಪ್ಪಿನಕಾಯಿ ಎಂದರೆ ಪ್ರಾಣವಂತೆ. ಅಜ್ಜಿಗೆ ಇಂಗ್ಲಿಷ್ ಬಾರದು, ದೊರೆಸಾನಿಗೆ ಕನ್ನಡ ಬಾರದು, ಇಬ್ಬರ ನಡುವೆ ಉಪ್ಪಿನಕಾಯಿಯೇ ಮಾತಾಡಿತಂತೆ. ಸೀಮೆಗೆ ಹಿಂದಿರುಗುವಾಗ ದೊರೆಸಾನಿ ಕಣ್ಣೀರು ಹಾಕಿ, ತನ್ನ ನೆನಪಿಗೆಂದು ಈ ಚೀನಾದ ಎಮ್ಮೆಯನ್ನು ಅಜ್ಜಿಯ ಕೈಗಿಟ್ಟಳಂತೆ. ಕಿವಿ ಮುರಿದದ್ದು ದೊರೆಸಾನಿಯ ಮಗನಿಂದ. ಇದು ನಮ್ಮಮ್ಮ ಹೇಳುತ್ತಿದ್ದ ಕತೆ. ಬಂದ ನೆಂಟರಿಗೆ ಕಾಫಿಯ ಜೊತೆ ಇದನ್ನೂ ಕೊಡುತ್ತಿದ್ದಳು.

ನಾನು ಬಿ.ಎ., ಬಿ.ಎಡ್. ಮಾಡಿ ಬಂಗಾರಪೇಟೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯಿನಿಯಾದ ಮೇಲೆ ಈ ಕತೆ ಶಾಲೆಗೂ ಬಂತು. ಎಂಟನೆಯ ತರಗತಿಯಲ್ಲಿ ಇತಿಹಾಸದ ಆಧಾರಗಳ ಪಾಠ ಮಾಡುವ ದಿನ ಎಮ್ಮೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಒಂದು ವಸ್ತು ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹಾಗೆಂದು ಹೇಳುವವರು ಯಾರು, ಅವರ ಮಾತಿಗೆ ಆಧಾರವೇನು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಆಮೇಲೆ ಉಪ್ಪಿನಕಾಯಿಯ ಕತೆ ಹೇಳುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿದೆ. ಒಬ್ಬ ಹುಡುಗನೂ ಎದ್ದು ನಿಂತು, "ಮಿಸ್, ನಿಮ್ಮ ಮಾತಿಗೆ ಆಧಾರವೇನು?" ಎಂದು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಗದರಿಸಿ ಕೂರಿಸುತ್ತಿದ್ದೆ.

ಊರಿನ ಕತೆಯನ್ನೂ ಅದೇ ಪಾಠದಲ್ಲಿ ಸೇರಿಸುತ್ತಿದ್ದೆ. ನಮ್ಮ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರ ಹೆಸರು ಅದು. ಇಲ್ಲಿಂದ ಕವಲೊಡೆದು ಹೋಗುವ ರೈಲು ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ, ನಡುವಿನದೆಲ್ಲ ಚಿನ್ನದ ಸೀಮೆ. 1802ರ ಸುಮಾರಿಗೆ ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ ಇಲ್ಲಿನ ಹಳ್ಳಿಗಳವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. ಅದನ್ನು ಎಷ್ಟೋ ವರ್ಷಗಳ ಮೇಲೆ ಓದಿದವನು ಲಾವೆಲ್ ಎಂಬ ಐರಿಷ್ ಸಿಪಾಯಿ. ಬೆಂಗಳೂರಿನ ಲಾವೆಲ್ ರಸ್ತೆ ಅವನದೇ ಹೆಸರಿನದು. ಅವನಿಗೆ ಅಪ್ಪಣೆ ಸಿಕ್ಕಿದ್ದು 1875ರಲ್ಲಿ. ಅವನ ಕೈಯಲ್ಲಿ ಹಣ ಸಾಲದೆ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ್ದಾದವು, 1962ರಲ್ಲಿ ಕೇಂದ್ರದ್ದಾದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಕ್ಕೆ ಹೋಗಿತ್ತು. ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ಜನ.

ಈ ಚಿನ್ನ ಯಾರದು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಕಂಪನಿಯದು, ಸರ್ಕಾರದ್ದು, ಅಗೆದವರದು ಎಂದು ಗಲಾಟೆ ಎದ್ದು ಬೋರ್ಡು ಡಸ್ಟರು ಒಂದಾಗುತ್ತಿತ್ತು. ಎಮ್ಮೆ ಯಾರದು ಎಂದು ಮಾತ್ರ ನಾನು ಕೇಳಲಿಲ್ಲ. ಅದು ನಮ್ಮದಲ್ಲವೆ?

ನಮ್ಮಮ್ಮ ತೀರಿಕೊಂಡದ್ದು 2022ರ ನವೆಂಬರಿನಲ್ಲಿ. ರಾಬರ್ಟ್‌ಸನ್‌ಪೇಟೆಯ ಹಳೆಯ ಮನೆಯನ್ನು ಖಾಲಿ ಮಾಡಬೇಕಿತ್ತು. ತಮ್ಮ ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ. ಪಾತ್ರೆಗಳಲ್ಲಿ ಅವನಿಗೆ ಆಸಕ್ತಿಯಿಲ್ಲ, ಎಮ್ಮೆಯಲ್ಲಿತ್ತು. "ಅಕ್ಕಾ, ಚೀನಾದ ಹಳೆಯ ಜೇಡ್ ಪ್ರಾಣಿಗಳು ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ. ಇದು ನಿಜವಾದದ್ದಾ ಅಂತ ಮೊದಲು ನೋಡಿಸು" ಎಂದ.

ಕನ್ನಡದಲ್ಲಿ ಈ ಕಲ್ಲಿಗೆ ಬಳಕೆಯ ಹೆಸರಿಲ್ಲ. ಪಚ್ಚೆ ಎಂದರೆ ಬೇರೆ ರತ್ನವಾಗುತ್ತದೆ, ಜೇಡ್ ಎಂದರೆ ಗೋಡೆಯ ಮೇಲಿನ ಜೇಡವಾಗುತ್ತದೆ. ಬಂಗಾರಪೇಟೆಯ ಚಿನ್ನದಂಗಡಿಯ ಆಚಾರಿಗಳಿಗೆ "ಇದು ಜೇಡ್ ಹೌದೋ ಅಲ್ಲವೋ ನೋಡಬೇಕು" ಎಂದಾಗ ಅವರು ಕನ್ನಡಕ ಸರಿಮಾಡಿಕೊಂಡು, "ಎಮ್ಮೆ ಥರ ಕಾಣುತ್ತಲ್ಲಮ್ಮಾ" ಎಂದರು.

ಜೊತೆಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಅವರು ಆರ್ಕಿಮಿಡೀಸನ ತತ್ವವನ್ನು ಆಚಾರಿಗಳ ತಕ್ಕಡಿಯ ಮೇಲೆ ಮಾಡಿ ತೋರಿಸಿದರು. ಎಮ್ಮೆಯನ್ನು ಹಾಗೆಯೇ ತೂಗಿದರೆ 88.5 ಗ್ರಾಂ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಬಟ್ಟಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಎಮ್ಮೆಯ ಹೊಟ್ಟೆಗೆ ದಾರ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟರು. ತಕ್ಕಡಿ 30 ಗ್ರಾಂ ತೋರಿಸಿತು. ಅಂದರೆ ಎಮ್ಮೆ ಸರಿಸಿದ ನೀರು ಅಷ್ಟು. 88.5ನ್ನು 30ರಿಂದ ಭಾಗಿಸಿದರೆ 2.95. ಆಚಾರಿಗಳು ಹೊಟ್ಟೆಯ ಅಡಿಯಲ್ಲಿ ಉಕ್ಕಿನ ಸೂಜಿಯಿಂದ ಗೀರಿ ನೋಡಿದರು. ಕಲ್ಲಿನ ಮೇಲೆ ಗೆರೆ ಬೀಳಲಿಲ್ಲ, ಸೂಜಿಯ ಉಕ್ಕೇ ಸ್ವಲ್ಪ ಸವೆದು ಅಂಟಿಕೊಂಡಿತು.

ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಲ್ಲುಗಳಿವೆ. ಒಂದು ನೆಫ್ರೈಟ್, ಇನ್ನೊಂದು ಜೇಡೈಟ್. ಜೇಡೈಟಿನ ಸಾಂದ್ರತೆ 3.3ರ ಹತ್ತಿರ. ಉತ್ತರ ಬರ್ಮಾದಿಂದ ಚೀನಾಕ್ಕೆ ಅದು ಹೇರಳವಾಗಿ ಹೋಗತೊಡಗಿದ್ದು ಹದಿನೆಂಟನೆಯ ಶತಮಾನದಿಂದ ಈಚೆಗೆ. ಅದಕ್ಕೂ ಮೊದಲು ಸಾವಿರಾರು ವರ್ಷ ಚೀನಾದವರು ತಲೆಯ ಮೇಲಿಟ್ಟುಕೊಂಡದ್ದು ನೆಫ್ರೈಟನ್ನು. ಖೋತಾನಿನ ನದಿಗಳಲ್ಲಿ ಉರುಳಿ ಬಂದ ಗುಂಡುಕಲ್ಲುಗಳು ಅವು. ಅದರ ಸಾಂದ್ರತೆ 2.95ರ ಸುಮಾರು. ಜೇಡ್ ಎಂದು ಹೇಳಿ ಮಾರುವ ಸರ್ಪೆಂಟೈನ್ ಕಲ್ಲು 2.6ರ ಹತ್ತಿರ ನಿಂತುಬಿಡುತ್ತದೆ, ಅದರ ಬಹುಪಾಲು ಸೂಜಿಗೂ ಸೋಲುತ್ತದೆ. ನಮ್ಮ ಎಮ್ಮೆ ನೆಫ್ರೈಟಿನ ಪರೀಕ್ಷೆಯಲ್ಲಿ ಪಾಸಾಗಿತ್ತು. ಬೆನ್ನಿನ ಬೆಲ್ಲದ ಬಣ್ಣದ ಮಚ್ಚೆಗೂ ಅರ್ಥ ಸಿಕ್ಕಿತು. ಹೊಳೆಗಲ್ಲಿನ ಹೊರಸಿಪ್ಪೆ ಹಾಗೆ ಕಂದಾಗಿರುತ್ತದೆ, ಕುಶಲಕರ್ಮಿಗಳು ಅದನ್ನು ಬೇಕೆಂದೇ ಸ್ವಲ್ಪ ಉಳಿಸುತ್ತಿದ್ದರು.

ನಮ್ಮ ದೇಶಕ್ಕೂ ಈ ಕಲ್ಲು ಹೊಸದಲ್ಲ. ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಜೇಡಿನ ವಸ್ತುಗಳನ್ನೇ ಇಟ್ಟ ಕೋಣೆ ನೋಡಿದ್ದೆ. ಜಹಾಂಗೀರನ ಕಠಾರಿ, ನೂರ್ ಜಹಾನಳ ಹಣ್ಣು ಕತ್ತರಿಸುವ ಚಾಕು, ಅಲ್ತಮಶನ ಹೆಸರು ಕೆತ್ತಿದ ಪುಸ್ತಕದ ಪೀಠ ಎಲ್ಲ ಅಲ್ಲಿವೆ. ಪ್ರತಿಯೊಂದರ ಕೆಳಗೂ ಚೀಟಿ, ಚೀಟಿಯಲ್ಲಿ ಒಡೆಯರ ಹೆಸರು. ಕೆತ್ತಿದವನ ಹೆಸರಿಗೆ ಆ ಚೀಟಿಗಳಲ್ಲಿ ಜಾಗವಿರಲಿಲ್ಲ.

ಕೆತ್ತಿದ ಎಂದು ಹೇಳುವುದೂ ತಪ್ಪೇ. ಈ ಕಲ್ಲಿಗೆ ಉಳಿ ಹತ್ತುವುದಿಲ್ಲ. ಒಳಗೆಲ್ಲ ಸಣ್ಣ ನಾರುಗಳು ಕಂಬಳಿಯಂತೆ ಹೆಣೆದುಕೊಂಡಿರುವುದರಿಂದ ಸುತ್ತಿಗೆಗೂ ಬೇಗ ಬಗ್ಗುವುದಿಲ್ಲ. ಕಾಲಿನಿಂದ ತುಳಿದು ಚಕ್ರ ತಿರುಗಿಸುತ್ತಾ, ಒದ್ದೆ ಮರಳು ಹಾಕಿ ಹಾಕಿ, ತಿಂಗಳುಗಟ್ಟಲೆ ತೇಯಬೇಕು. ಕಲ್ಲನ್ನು ಸವೆಸುವುದು ಚಕ್ರವಲ್ಲ, ಮರಳು. ಆ ಮರಳು ಬೆಣಚುಕಲ್ಲಿನ ಪುಡಿ. ನಮ್ಮ ಗಣಿಗಳಲ್ಲಿ ಚಿನ್ನ ಅಡಗಿದ್ದುದೂ ಬೆಣಚುಕಲ್ಲಿನಲ್ಲೇ. ಅದನ್ನು ಕುಟ್ಟಿ ಹಿಟ್ಟು ಮಾಡಿ ಚಿನ್ನ ತೆಗೆದರು, ಹಿಟ್ಟು ದಿಬ್ಬವಾಯಿತು. ಭೂಮಿಯ ಕೆಳಗೆ ಕಲ್ಲು ಕೊರೆಯುವವರು ಅದೇ ಧೂಳನ್ನು ಉಸಿರಿನಲ್ಲಿ ಎಳೆದುಕೊಂಡರು. ಜೇಡನ್ನು ಸವೆಸುವ ಪುಡಿ ಮನುಷ್ಯನ ಶ್ವಾಸಕೋಶವನ್ನು ಬಿಟ್ಟೀತೆ? ನಮ್ಮೂರಿನಲ್ಲಿ ಆ ಕಾಯಿಲೆಯ ಇಂಗ್ಲಿಷ್ ಹೆಸರು ಅಕ್ಷರ ಬಾರದವರಿಗೂ ಗೊತ್ತಿತ್ತು.

ತಮ್ಮನಿಗೆ 2.95 ಎಂದು ಫೋನಿನಲ್ಲಿ ಹೇಳಿದೆ. ಅವನ ದನಿಯೇ ಬದಲಾಯಿತು. ಕಲ್ಲು ಜೇಡ್ ಆದ ಮಾತ್ರಕ್ಕೆ ಅದು ಹಳೆಯದೆಂದು ಆಗುವುದಿಲ್ಲ, ಬೆಲೆ ಕಟ್ಟುವವರು ಮೊದಲು ಕೇಳುವುದು ಅದರ ಚರಿತ್ರೆಯನ್ನು, ಯಾರಿಂದ ಯಾರಿಗೆ ಬಂತು ಎಂಬ ಕಾಗದವನ್ನು ಎಂದು ಅವನೇ ತಿಳಿದುಕೊಂಡ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನಮ್ಮಂಥವರು ಅದನ್ನು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ, ಮಾರಿದರೂ ಇಲ್ಲೇ ಮಾರಬೇಕು. "ಇರಲಿ, ಇಲ್ಲೇ ಕೊಳ್ಳುವವರಿದ್ದಾರೆ. ತಾತನ ಕಾಲದ ಒಂದು ಕಾಗದ ಸಿಕ್ಕರೆ ಸಾಕು. ದೊರೆಸಾನಿ ಕೊಟ್ಟ ಒಂದು ಚೀಟಿ ಎಲ್ಲಾದರೂ ಇರಬಹುದು, ಹುಡುಕಕ್ಕಾ" ಎಂದ.

ಹುಡುಕಿದೆ. ಕಾಗದ ಸಿಕ್ಕಿತು.

ಅಮ್ಮನ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ, ತಾತನ ಲೆಕ್ಕದ ಪುಸ್ತಕವಿತ್ತು. ಉದ್ದನೆಯದು, ಕೆಂಪು ಬಟ್ಟೆಯ ಬೆನ್ನಿನದು. ತಾತ ಸಂಬಳದ ದಿನ ದೂರವಿರುವಾಗ ಗಣಿಯ ಕೂಲಿಕಾರರಿಗೆ ಸಣ್ಣ ಸಾಲ ಕೊಡುತ್ತಿದ್ದರೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು 'ಸಹಾಯ' ಎನ್ನುತ್ತಿದ್ದರು. ಪುಸ್ತಕದಲ್ಲಿ 'ಗಿರವಿ' ಎಂದು ಬರೆದಿತ್ತು. ದಿನಾಂಕ, ಹೆಸರು, ವಸ್ತು, ಹಣ, ಬಿಡುಗಡೆ ಎಂದು ಐದು ಕಲಂ. ಹಿತ್ತಾಳೆ ಬಿಂದಿಗೆ 1, ಮೂಗುಬೊಟ್ಟು 1, ಗಡಿಯಾರ 1. ಬಿಡಿಸಿಕೊಂಡು ಹೋದವರ ಸಾಲಿನ ಮೇಲೆ ಅಡ್ಡಗೆರೆ, ಕೊನೆಯ ಕಲಂನಲ್ಲಿ ತಾರೀಖು. ತಾತನ ಕೈಬರಹ ಮುತ್ತು ಪೋಣಿಸಿದಂತಿತ್ತು. 14-6-1961ರ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರು, ಹೆಸರಿನ ಮುಂದೆ 'ಬಂಗಲೆ ಆಯಾ', ಲೈನಿನ ಮನೆಯ ನಂಬರು. ವಸ್ತು: 'ಹಸಿರು ಕಲ್ಲಿನ ಎಮ್ಮೆ 1, ಎಡಗಿವಿ ಮುಕ್ಕು'. ಹಣ: 12 ರೂಪಾಯಿ, ತಿಂಗಳಿಗೆ ರೂಪಾಯಿಗೆ 2 ನಯಾಪೈಸೆ ಬಡ್ಡಿ. ಕೊನೆಯ ಕಲಂ ಖಾಲಿ. ಅಡ್ಡಗೆರೆ ಇಲ್ಲ.

ನಾನು ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಹೆಂಗಸು ನನಗೆ ಗೊತ್ತಿದ್ದಳು.

ನಾನು ಎಂಟು ಹತ್ತು ವರ್ಷದವಳಿದ್ದಾಗ, ಪ್ರತಿ ದೀಪಾವಳಿಯ ಮಾರನೆಯ ದಿನ ಒಬ್ಬ ತಮಿಳು ಮುದುಕಿ ನಮ್ಮ ಮನೆಗೆ ಬರುತ್ತಿದ್ದಳು. ಬಿಳಿಯ ಸೀರೆ, ಕಾಲಿಗೆ ಚಪ್ಪಲಿ ಇಲ್ಲ. ಎಲ್ಲರೂ ಅವಳನ್ನು ಆಯಾ ಎನ್ನುತ್ತಿದ್ದೆವು. ಅಜ್ಜಿ ಅವಳಿಗೆ ವರಾಂಡದಲ್ಲಿ ಎಲೆ ಹಾಕಿ ಊಟ ಬಡಿಸಿ, ಒಂದು ಹಳೆಯ ಸೀರೆ, ಒಂದಿಷ್ಟು ಅಕ್ಕಿ ಕೊಡುತ್ತಿದ್ದಳು. ಊಟವಾದ ಮೇಲೆ ಆಯಾ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, "ಅಮ್ಮಾ, ಒಂದು ಸಲ ತೋರಿಸಮ್ಮಾ" ಎನ್ನುತ್ತಿದ್ದಳು. ಅಜ್ಜಿ ನನ್ನ ಕಡೆ ನೋಡದೆ, "ಹೋಗು, ಎಮ್ಮೆ ತಾ" ಎನ್ನುತ್ತಿದ್ದಳು. ನಾನು ಓಡಿ ಹೋಗಿ ತಂದು ಕೊಡುತ್ತಿದ್ದೆ. ಆಯಾ ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದಳು. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟು, "ಭದ್ರ ಪಾಪಾ, ಕೆಳಗೆ ಹಾಕಬೇಡ" ಎಂದು ಹೇಳಿ ಎದ್ದು ಹೋಗುತ್ತಿದ್ದಳು.

ಪಾಪ, ಮುದುಕಿಗೆ ನಮ್ಮ ಎಮ್ಮೆಯ ಮೇಲೆ ಎಷ್ಟು ಆಸೆ ಎಂದು ನಾನು ಅಂದುಕೊಂಡಿದ್ದೆ. ಅವಳು ತನ್ನ ವಸ್ತುವನ್ನು ನೋಡಲು ಬರುತ್ತಿದ್ದಳು. 12 ರೂಪಾಯಿಗೆ ಬಡ್ಡಿ ಬೆಳೆಯುತ್ತಲೇ ಇತ್ತು. ಬೇಡಿದರೆ ಅಜ್ಜಿ ಕೊಟ್ಟೇ ಬಿಡುತ್ತಿದ್ದಳೋ ಏನೋ, ಅವಳು ಬೇಡಲಿಲ್ಲ. ಬೇಡದಿದ್ದರೂ ಕೊಡಬಹುದಿತ್ತು, ನಮ್ಮವರು ಕೊಡಲಿಲ್ಲ. ಅನ್ನ ಬಡಿಸಿದರು, ಸೀರೆ ಕೊಟ್ಟರು. 1981ರ ದೀಪಾವಳಿಗೆ ಅವಳು ಬರಲಿಲ್ಲ. ಅಜ್ಜಿ ಎರಡು ಮೂರು ಸಲ ಬಾಗಿಲಿಗೆ ಹೋಗಿ ನೋಡಿ ಬಂದದ್ದು ನೆನಪಿದೆ. ಆಮೇಲೆ ಆ ಮಾತು ನಿಂತುಹೋಯಿತು. ಉಪ್ಪಿನಕಾಯಿಯ ಕತೆ ಶುರುವಾದದ್ದು ಅದಾದ ಮೇಲೇ ಇರಬೇಕು. ಯೋಚಿಸಿ ನೋಡಿದರೆ ನಾನು ಆ ಕತೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ ನೆನಪೇ ಇಲ್ಲ. ಪೋಸ್ಟಾಫೀಸಿಗೆ ಹೋಗಿ ಬಂದರೂ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದ ಮಡಿ ಹೆಂಗಸು ದೊರೆಸಾನಿಯ ಬಂಗಲೆಯ ಅಡುಗೆಮನೆಗೆ ಉಪ್ಪಿನಕಾಯಿ ಹೊತ್ತುಕೊಂಡು ಹೋದಳು ಎಂಬುದನ್ನು ನಾನು ನಂಬಿದ್ದೆನಲ್ಲ, ಇತಿಹಾಸದ ಟೀಚರು!

ತಮ್ಮ ಭಾನುವಾರ ಬಂದ. ಪುಸ್ತಕ ತೋರಿಸಿದೆ. ಓದಿ, ಮುಚ್ಚಿ, ಮತ್ತೆ ತೆರೆದು ಓದಿದ.

"ಅರವತ್ತು ವರ್ಷದ ಮೇಲಾಯಿತಲ್ಲಕ್ಕಾ. ಈಗ ಯಾರು ಬಂದು ಕೇಳುತ್ತಾರೆ?"

"ಯಾರೂ ಕೇಳಲ್ಲ. ಅದೇ ತೊಂದರೆ."

"ಪುಸ್ತಕ ಇಲ್ಲದಿದ್ದರೆ?"

ನಾನು ಉತ್ತರ ಹೇಳಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಹೋಗಿ ಇಳಿಸಿ ಬಂದೆ. ಆ ಕ್ಷಣ ನನಗೂ ಅದೇ ಯೋಚನೆ ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ನಿವೃತ್ತಿ ಹತ್ತಿರವಾಗುತ್ತಿದೆ, ಮಗಳ ಮದುವೆಯ ಸಾಲ ಇನ್ನೂ ತೀರಿಲ್ಲ. ಲಕ್ಷ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಸಾರು ಇಳಿಸಿ ಬರುವಷ್ಟರಲ್ಲಿ ತಮ್ಮನೇ ತಲೆ ಕೆರೆದುಕೊಳ್ಳುತ್ತಾ ಹೇಳಿದ. ಅವನು ಬ್ಯಾಂಕಿನಲ್ಲಿ ದಿನವೂ ಒಡವೆ ಸಾಲ ಕೊಡುವವನು. ಅಡವಿಟ್ಟ ವಸ್ತು ಇಟ್ಟುಕೊಂಡವನದಾಗುವುದಿಲ್ಲ, ಅದರ ಒಡೆತನ ಇಟ್ಟವರದೇ. 1872ರ ಕರಾರು ಕಾಯಿದೆಯಲ್ಲೇ ಹಾಗಿದೆಯಂತೆ. ಸಾಲ ತೀರದಿದ್ದರೆ ತಿಳಿಸಿ ಮಾರಬಹುದು. ಹಾಗೆ ನಿಜವಾಗಿ ಮಾರುವವರೆಗೆ, ಗಡುವು ಮೀರಿದ್ದರೂ, ಇಟ್ಟವರು ಹಣ ಕಟ್ಟಿ ಬಿಡಿಸಿಕೊಳ್ಳಬಹುದು. "ನಾವು ನೋಟೀಸೂ ಕೊಟ್ಟಿಲ್ಲ, ಮಾರಿಯೂ ಇಲ್ಲ. ನಮ್ಮ ಬ್ಯಾಂಕಿನಲ್ಲಿ ನಾನು ಹೀಗೆ ಮಾಡಿದ್ದರೆ ಮನೆಗೆ ಕಳಿಸುತ್ತಿದ್ದರು" ಎಂದು ನಕ್ಕ. ನಗುವಿನಲ್ಲಿ ಸ್ವಲ್ಪ ನೋವೂ ಇತ್ತು. ಊಟ ಮಾಡಿ ಹೊರಡುವಾಗ ಎಮ್ಮೆಯನ್ನು ಒಂದು ಸಲ ಕೈಗೆ ತೆಗೆದುಕೊಂಡು ಇಟ್ಟ. "ನಿನಗೆ ತೋಚಿದ ಹಾಗೆ ಮಾಡಕ್ಕಾ" ಎಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆ.ಜಿ.ಎಫ್.ನಲ್ಲಿ ಆಟೋ ಓಡಿಸುತ್ತಾನೆ. ಲೈನಿನ ಹೆಸರು, ಮನೆಯ ನಂಬರು ಹೇಳಿದೆ. ಗಣಿ ಮುಚ್ಚಿದರೂ ಬಹಳ ಜನ ಲೈನಿನ ಮನೆಗಳನ್ನು ಬಿಟ್ಟಿಲ್ಲ. ಎರಡೇ ದಿನದಲ್ಲಿ ಫೋನು ಮಾಡಿದ. "ಮಿಸ್, ಆ ಆಯಾ ಹೋಗಿ ನಲವತ್ತು ವರ್ಷದ ಮೇಲಾಯ್ತಂತೆ. ಮಗಳು ಇದ್ದಾರೆ. ಅದೇ ಮನೆ."

2023ರ ಜೂನ್ 11, ಭಾನುವಾರ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಕೈಚೀಲದಲ್ಲಿ ಎಂದಿನಂತೆ ಕರವಸ್ತ್ರದಲ್ಲಿ ಸುತ್ತಿದ ಎಮ್ಮೆ, ಅದರ ಜೊತೆಗೆ ಈ ಸಲ ತಾತನ ಪುಸ್ತಕ. ಕಿಟಕಿಯಲ್ಲಿ ಸೈನೈಡ್ ದಿಬ್ಬಗಳು ಕಾಣಿಸಿಕೊಂಡಾಗ ಎದೆ ಹೊಡೆದುಕೊಳ್ಳತೊಡಗಿತು. ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿಯೇ ಕೂದಲು ನೆರೆಸಿದವಳು ನಾನು. ನನ್ನದನ್ನು ತಿದ್ದಿಸಿಕೊಳ್ಳಲು ಹೋಗುವುದು ಇದೇ ಮೊದಲು.

ಒಂದೇ ಕೋಣೆಯ ಮನೆ, ಮುಂದೆ ಶೀಟು ಇಳಿಸಿ ಅಡುಗೆಗೆ ಜಾಗ ಮಾಡಿದ್ದರು. ಆಕೆಗೆ ಎಪ್ಪತ್ತೆರಡು ವರ್ಷ. ಮೊಮ್ಮಗ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಹುಡುಗ, ಆ ದಿನ ರಜ. ನನಗೆ ಕುರ್ಚಿ ಹಾಕಿ ತಾನು ಮಂಚದ ಮೇಲೆ ಕುಳಿತ ಆಕೆಯ ಮುಂದೆ ಹೇಗೆ ಮಾತು ಶುರು ಮಾಡಬೇಕೆಂದು ತಿಳಿಯದೆ, ಕರವಸ್ತ್ರ ಬಿಚ್ಚಿ ಎಮ್ಮೆಯನ್ನು ಮಂಚದ ಮೇಲಿಟ್ಟೆ.

ಆಕೆ ಅದನ್ನು ತೆಗೆದುಕೊಳ್ಳಲಿಲ್ಲ. ಒಂದೇ ಬೆರಳಿನಿಂದ ಎಡಗಿವಿಯ ಮುಕ್ಕನ್ನು ಮುಟ್ಟಿದರು.

"ಇದು ನಾನು ಮುರಿದದ್ದು, ಟೀಚರಮ್ಮಾ" ಎಂದರು. "ಆಗ ನನಗೆ ಆರು ವರ್ಷ. ಇಲ್ಲೇ, ಈ ಬಾಗಿಲ ಹತ್ತಿರ ಕಲ್ಲಿನ ಮೇಲೆ ಬಿತ್ತು. ಅಮ್ಮ ನನ್ನನ್ನು ಹೊಡೆದದ್ದು ಅದೊಂದೇ ಸಲ. ಹೊಡೆದುಬಿಟ್ಟು ತಾನೇ ಅತ್ತಳು."

ನಾನು ಪುಸ್ತಕ ತೆರೆಯುವ ಮೊದಲೇ ನನಗೆ ಬೇಕಾದ ಆಧಾರ ಸಿಕ್ಕಿತ್ತು.

ಆಕೆಗೆ ಗೊತ್ತಿದ್ದ ಕತೆ ಹೀಗೆ. ತಾಯಿ ಒಬ್ಬ ಎಂಜಿನಿಯರ್ ದೊರೆಯ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದರು. ಮಗುವಿಗೆ ವಿಷಮಶೀತ ಜ್ವರ ಬಂದಾಗ ಮನೆಗೂ ಬರದೆ ರಾತ್ರಿ ಹಗಲು ಅದರ ಪಕ್ಕದಲ್ಲೇ ಇದ್ದರು. ಗಣಿ ಸರ್ಕಾರದ್ದಾದ ಮೇಲೆ, 1957ರಲ್ಲಿ, ದೊರೆ ಊರಿಗೆ ಹೊರಟ. ಬಂಗಲೆಯ ಮೇಜು ಕುರ್ಚಿ ಪಿಂಗಾಣಿಯೆಲ್ಲ ವರಾಂಡದಲ್ಲಿ ಹರಾಜಾದವು. ಈ ಕಲ್ಲನ್ನು ಮಾತ್ರ ದೊರೆಸಾನಿ ಹರಾಜಿಗೆ ಇಡಲಿಲ್ಲ. ಜ್ವರದಲ್ಲಿ ಮಗು ಇದನ್ನೇ ಮುಷ್ಟಿಯಲ್ಲಿ ಹಿಡಿದು ಮಲಗುತ್ತಿತ್ತಂತೆ, ಕಲ್ಲು ತಣ್ಣಗಿರುತ್ತಿತ್ತಲ್ಲ, ಅದಕ್ಕೆ. ಅದನ್ನು ಆಯಾಳ ಕೈಗಿಟ್ಟಳು. ದೊರೆಯ ತಂದೆ ಬರ್ಮಾದಲ್ಲಿದ್ದಾಗ ಒಬ್ಬ ಚೀನೀಯನ ಅಂಗಡಿಯಲ್ಲಿ ಕೊಂಡದ್ದೆಂದು ದೊರೆಸಾನಿ ಹೇಳಿದ್ದು ತಾಯಿಗೆ ನೆನಪಿತ್ತು. ಬರ್ಮಾದ ಅಂಗಡಿಯಲ್ಲಿ ಬರ್ಮಾದ ಜೇಡೈಟ್ ಅಲ್ಲದೆ ಈ ನೆಫ್ರೈಟ್ ಕುಳಿತಿತ್ತೆಂದರೆ, ಅಂಗಡಿಯವನ ಜೊತೆ ಅವನ ದೇಶದಿಂದಲೇ ಬಂದಿರಬೇಕೆಂದು ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ.

"ಅಪ್ಪನಿಗೆ ಎದೆ ಹಿಡಿದಿತ್ತು. ಶಿಫ್ಟಿಗೆ ಹೋಗಲು ಆಗುತ್ತಿರಲಿಲ್ಲ. ಅಮ್ಮ ಮೊದಲು ಬಿಂದಿಗೆ ಇಟ್ಟಳು, ಆಮೇಲೆ ಮೂಗುಬೊಟ್ಟು. ಕೊನೆಗೆ ಇದು." ಆಕೆ ಎಲ್ಲಿಯೂ ದನಿ ಏರಿಸಲಿಲ್ಲ. "ನಿಮ್ಮ ತಾತ ಒಳ್ಳೆಯವರು. ಸೇಟು ಈ ಕಲ್ಲಿಗೆ ಎಂಟಾಣೆ ಕೊಡುತ್ತೇನೆ ಎಂದಿದ್ದ. ಅವರು 12 ರೂಪಾಯಿ ಕೊಟ್ಟರು."

ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಪುಸ್ತಕದ ಸಾಲು ಓದಿ ಹೇಳಿದೆ. ಎಮ್ಮೆ ಎಂದಾಗ ಆಕೆಗೆ ನಗು ಬಂತು. "ಎಮ್ಮೆಯಾ? ನಮಗೆ ಇದು ಕನ್ನುಕುಟ್ಟಿ" ಎಂದರು. ಕನ್ನುಕುಟ್ಟಿ ಎಂದರೆ ಕರು. ತಾಯಿಯ ಕಡೆ ತಿರುಗಿ ನೋಡುತ್ತಿರುವ ಕರುವಂತೆ. ಅಲ್ಲಿಯವರೆಗೆ ಅದು ಹಿಂದಕ್ಕೆ ಏನನ್ನು ನೋಡುತ್ತಿದೆಯೆಂದು ನಾನು ಯೋಚಿಸಿಯೇ ಇರಲಿಲ್ಲ.

"ನಿಮ್ಮದು ನಿಮಗೆ ಕೊಟ್ಟು ಹೋಗೋಣ ಅಂತ ಬಂದೆ ಅಕ್ಕಾ" ಎಂದೆ. ಇದು ನಿಜವಾದ ಜೇಡ್, ಬೆಲೆ ಬಾಳಬಹುದು, ತಿಳಿದವರಿಗೆ ತೋರಿಸದೆ ಯಾರಿಗೂ ಕೊಡಬೇಡಿ ಎಂದು ಮೊಮ್ಮಗನಿಗೂ ಬಿಡಿಸಿ ಹೇಳಿದೆ. 2.95ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದೆ, ಅದನ್ನೂ ಕೊಟ್ಟೆ.

ಆಕೆ ಎದ್ದು ಹೋಗಿ ಗೋಡೆಯ ಗೂಡಿನಲ್ಲಿದ್ದ ಡಬ್ಬಿ ತೆಗೆದರು. "ಸುಮ್ಮನೆ ತೆಗೆದುಕೊಳ್ಳಲ್ಲ ಟೀಚರಮ್ಮಾ. ಅಮ್ಮ ಯಾವಾಗಲೂ ಬಿಡಿಸಿಕೊಂಡು ಬರುತ್ತೇನೆ ಅನ್ನುತ್ತಿದ್ದಳು. ಬಿಡಿಸಿಕೊಳ್ಳುತ್ತೇನೆ. ಬಡ್ಡಿ ಎಷ್ಟಾಯಿತು?" ಮೊಮ್ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ತಿಂಗಳಿಗೆ 24 ಪೈಸೆಯಂತೆ 62 ವರ್ಷಕ್ಕೆ 178 ರೂಪಾಯಿ 56 ಪೈಸೆ, ಅಸಲು ಸೇರಿ 190 ರೂಪಾಯಿ 56 ಪೈಸೆ.

"ಬಡ್ಡಿ ಬೇಡಕ್ಕಾ. ಅಷ್ಟು ವರ್ಷ ನಾವು ಇಟ್ಟುಕೊಂಡು ನೋಡಿದೆವಲ್ಲ, ಅದೇ ಬಡ್ಡಿ. ನಿಮ್ಮ ತಾಯಿಗೆ ವರ್ಷಕ್ಕೆ ಒಂದು ಸಲ ತೋರಿಸಿದ್ದು ಬಿಟ್ಟರೆ..." ಎಂದೆ. ಮುಂದೆ ಮಾತು ಬರಲಿಲ್ಲ.

ಅವರು ಅದನ್ನು ಬೆಳೆಸಲಿಲ್ಲ. ಹತ್ತರ ಒಂದು ನೋಟು, ಎರಡರ ಒಂದು ನಾಣ್ಯ ನನ್ನ ಕೈಗಿಟ್ಟರು. ನಾನು ಪುಸ್ತಕದ ಕೊನೆಯ ಕಲಂನಲ್ಲಿ 11-6-2023 ಎಂದು ಬರೆದೆ. ಆಕೆ ಪಕ್ಕದಲ್ಲಿ ತಮಿಳಿನಲ್ಲಿ ನಿಧಾನವಾಗಿ ರುಜು ಹಾಕಿದರು. ಆಮೇಲೆ ಸಾಲಿನ ಮೇಲೆ ಅಡ್ಡಗೆರೆ ಎಳೆಯುವಾಗ ನನ್ನ ಕೈ ಸ್ವಲ್ಪ ನಡುಗಿ, ತಾತನ ಗೆರೆಗಳಂತೆ ನೇರವಾಗಿ ಬರಲಿಲ್ಲ.

ಕಾಫಿ ಕುಡಿದು ಎದ್ದೆ. ಚಪ್ಪಲಿ ಮೆಟ್ಟಿಕೊಳ್ಳುವಾಗ ಆಕೆ ಬಾಗಿಲವರೆಗೆ ಬಂದರು. ಕರು ಆಗಲೇ ಅವರ ಮುಷ್ಟಿಯೊಳಗಿತ್ತು.

"ದೀಪಾವಳಿಗೆ ಬನ್ನಿ ಟೀಚರಮ್ಮಾ. ಊಟ ಮಾಡಿ, ಇದನ್ನೂ ಒಂದು ಸಲ ನೋಡಿಕೊಂಡು ಹೋಗಿ" ಎಂದರು.

ಆ ವರ್ಷದ ದೀಪಾವಳಿಗೆ ಹೋಗಿದ್ದೆ. ಒಳಗೆ, ಅವರ ಜೊತೆಯಲ್ಲೇ ಎಲೆ ಹಾಕಿ ಬಡಿಸಿದರು. ಊಟವಾದ ಮೇಲೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ತೋರಿಸಿ ಎಂದು ಕೇಳಬೇಕೆಂದುಕೊಂಡೆ. ಎಷ್ಟು ಸುಲಭದ ಮಾತು! ಆದರೂ ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.